ಗಾಳಿಬಂದೂಕಿನ ಕೊಂತ

ಬೆಳಗಾವಿಯ ಸದಾಶಿವನಗರದಲ್ಲಿ ನಾವಿರುವ ಓಣಿ ಸಾಮಾನ್ಯವಾಗಿ ಶಾಂತವಾದುದು. ಕಳೆದ ಚಳಿಗಾಲದಲ್ಲಿ ಮಾತ್ರ ಸಂಜೆಯ ಹೊತ್ತಿಗೆ ಅಲ್ಲಿ ಒಂದು ವಿಚಿತ್ರವಾದ ಸದ್ದು ಕೇಳಿಬರತೊಡಗಿತು. ಯಾರೋ ಸಣ್ಣ ಸುತ್ತಿಗೆಯಿಂದ ಹಲಗೆಯ ಮೇಲೆ ಒಂದೇ ಸಮನೆ ಬಡಿಯುತ್ತಿರುವಂತೆ ಟಕ್, ಟಕ್, ಟಕ್ ಎಂಬ ಸದ್ದು. ನೆರೆಮನೆಯ ಹುಡುಗನೊಬ್ಬ, ಪದವಿಪೂರ್ವ ತರಗತಿಯ ವಿದ್ಯಾರ್ಥಿ, ಮಾಳಿಗೆಯ ಮೇಲೆ ರಟ್ಟಿನ ಪೆಟ್ಟಿಗೆಯೊಂದನ್ನು ಇಟ್ಟುಕೊಂಡು ಆಟಿಕೆಯ ಬಂದೂಕಿನಿಂದ ಗುರಿಯಿಡುವುದನ್ನು ಕಲಿಯುತ್ತಿದ್ದನು. ಮರಾಠಾ ಲಘು ಪದಾತಿದಳದ ಕೇಂದ್ರವಿರುವ ಊರಿನಲ್ಲಿ ಹುಡುಗರಿಗೆ ಬಂದೂಕಿನ ಮೇಲೆ ಮನಸ್ಸಾಗುವುದು ಆಶ್ಚರ್ಯವಲ್ಲ. ಆದರೆ ಎದುರು ಮನೆಯಲ್ಲಿ ಕಾಯಿಲೆಯವರಿದ್ದರು. ಆ ಮನೆಯ ಹಿರಿಯರು ಎರಡು ಸಲ ಮೆತ್ತಗೆ ಹೇಳಿ ನೋಡಿದರು. ಮೂರನೆಯ ಸಲ ಮೆತ್ತಗೆ ಹೇಳಲಿಲ್ಲ.

ಇದಾದ ಕೆಲವು ದಿನಗಳಿಗೆ ಹುಡುಗನು ಒಂದು ವೃತ್ತಪತ್ರಿಕೆಯ ಪೊಟ್ಟಣವನ್ನು ಹಿಡಿದುಕೊಂಡು ನನ್ನ ಬಳಿಗೆ ಬಂದನು. ಅದರೊಳಗೆ ಮುರಿದ ಪ್ಲಾಸ್ಟಿಕ್ಕಿನ ಚೂರುಗಳಿದ್ದವು. ಬಂದೂಕಿನ ಬಲ ಸಾಲದೆಂದು ಆತನು ಮೂಲ ಸ್ಪ್ರಿಂಗನ್ನು ತೆಗೆದು ಗಡುಸಾದ ಸ್ಪ್ರಿಂಗೊಂದನ್ನು ಹಾಕಿದ್ದನಂತೆ. ಗುಂಡಿನ ವೇಗ ಸ್ವಲ್ಪ ಹೆಚ್ಚಿತು, ಸದ್ದು ಬಹಳ ಹೆಚ್ಚಿತು, ಎರಡು ವಾರಗಳಲ್ಲಿ ಒಳಗಿನ ಕೊಂತವೇ ಒಡೆದುಹೋಯಿತು. "ಸದ್ದು ಕಡಿಮೆಯಾಗಬೇಕು, ಬಲ ಕಡಿಮೆಯಾಗಬಾರದು. ಇದು ಸಾಧ್ಯವೇ ಸರ್?" ಎಂದು ಆತನು ಕೇಳಿದನು. ಸದ್ದೇ ಬಲದ ಗುರುತೆಂದು ಆತನಂತೆಯೇ ಅನೇಕರು ಭಾವಿಸಿರುತ್ತಾರೆ. ಈ ಬಂದೂಕಿನ ಮಟ್ಟಿಗಂತೂ ಅದು ನಿಜವಲ್ಲ. ಏಕೆ ನಿಜವಲ್ಲವೆಂಬುದನ್ನು ತಿಳಿಯಬೇಕಾದರೆ ಕೊಂತದ ಕೆಲಸವನ್ನು ಮೊದಲು ನೋಡಬೇಕು.

ಕೊಂತವೆಂದರೆ ಪಿಸ್ಟನ್, ಆಡುಬೆಣೆ ಎಂದೂ ಇದನ್ನು ಕರೆಯುವುದುಂಟು. ನಾನು ಹುಟ್ಟಿ ಬೆಳೆದ ಶಿರಸಿಯ ಸೀಮೆಯಲ್ಲಿ ಮಳೆಗಾಲದ ಮಕ್ಕಳೆಲ್ಲರಿಗೂ ಕೊಂತದ ಪರಿಚಯ ಪುಸ್ತಕಕ್ಕೆ ಮೊದಲೇ ಆಗುತ್ತಿತ್ತು. ಪೆಟ್ಲು ಎಂಬ ಆಟಿಕೆಯನ್ನು ಮಲೆನಾಡಿನ ಓದುಗರು ಬಲ್ಲರು. ಒಂದು ಗೇಣಿನಷ್ಟು ಉದ್ದದ ಪೊಳ್ಳು ಬಿದಿರಿನ ಕೊಳವೆ, ಅದರೊಳಗೆ ಸಲೀಸಾಗಿ ಹೋಗುವ ಹಿಡಿಯುಳ್ಳ ಒಂದು ಕಡ್ಡಿ. ಕಡ್ಡಿ ಕೊಳವೆಗಿಂತ ತುಸು ಗಿಡ್ಡವಾಗಿರಬೇಕು. ಜುಮ್ಮನ ಕಾಯಿಯಂಥ ಸಣ್ಣ ಹಸಿಕಾಯಿಯೊಂದನ್ನು ತುರುಕಿ ಕಡ್ಡಿಯಿಂದ ಕೊಳವೆಯ ಮುಂದಿನ ಬಾಯಿಯವರೆಗೆ ನೂಕುತ್ತೇವೆ. ಎರಡನೆಯ ಕಾಯಿಯನ್ನು ಹಿಂದಿನ ಬಾಯಿಯಲ್ಲಿ ಇಟ್ಟು ರಭಸದಿಂದ ಒತ್ತುತ್ತೇವೆ. ಎರಡು ಕಾಯಿಗಳ ನಡುವೆ ಸಿಕ್ಕಿಬಿದ್ದ ಗಾಳಿ ಅದುಮಿಕೊಂಡು, ಅದುಮಿಕೊಂಡು, ಕೊನೆಗೆ ಮುಂದಿನ ಕಾಯಿಯನ್ನು 'ಪಟ್' ಎಂದು ಹೊರಕ್ಕೆ ಎಸೆಯುತ್ತದೆ. ಎರಡನೆಯ ಕಾಯಿ ಮುಂದಿನ ಬಾಯಿಯಲ್ಲಿ ನಿಂತು ಮುಂದಿನ ಸಲದ ಗುಂಡಾಗುತ್ತದೆ. ಕಾಯಿ ಒಣಗಿ ಸುಕ್ಕುಗಟ್ಟಿದ್ದರೆ ಎಷ್ಟೇ ಬಲವಾಗಿ ನೂಕಿದರೂ ಪೆಟ್ಲು ಹಾರುವುದಿಲ್ಲ. ಗಾಳಿ ಪಕ್ಕದಿಂದ ಸೋರಿಹೋಗುತ್ತದೆ. ಮುಂದಿನ ಕಾಯಿಯೇ ಇಲ್ಲದಿದ್ದರಂತೂ ಹಿಡಿಯು ಕೊಳವೆಗೆ 'ಠಕ್' ಎಂದು ಬಡಿದು ಅಂಗೈಗೆ ನೋವಾಗುತ್ತದೆ. ಈ ಎರಡು ಸಂಗತಿಗಳನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಮುಂದೆ ಹೇಳುವುದೆಲ್ಲವೂ ಇವುಗಳಿಂದಲೇ ಹುಟ್ಟುತ್ತದೆ.

ಸವದತ್ತಿಯ ಎಲ್ಲಮ್ಮನ ಜಾತ್ರೆಯಂಥ ದೊಡ್ಡ ಜಾತ್ರೆಗಳಲ್ಲಿ ಬಲೂನಿಗೆ ಗುರಿಯಿಡುವ ಬಂದೂಕು ಕೂಡ ಪೆಟ್ಲಿನ ಜಾತಿಯದೇ. ಅಂಗೈಯ ಬದಲು ಅಲ್ಲಿ ಉಕ್ಕಿನ ಸ್ಪ್ರಿಂಗು, ಎರಡನೆಯ ಕಾಯಿಯ ಬದಲು ಕೊಂತ. ನಳಿಗೆಯನ್ನು ಮುರಿದಂತೆ ಬಗ್ಗಿಸಿದಾಗ ಸ್ಪ್ರಿಂಗು ಅದುಮಿಕೊಳ್ಳುತ್ತದೆ. ಕುದುರೆಯನ್ನು ಎಳೆದಾಗ ಬಿಡುಗಡೆಯಾಗಿ ಕೊಂತವನ್ನು ಮುಂದಕ್ಕೆ ದೂಡುತ್ತದೆ. ಹುಡುಗನ ಆಟಿಕೆಯಲ್ಲಿ ನಳಿಗೆಯನ್ನು ಬಗ್ಗಿಸುವ ಶ್ರಮವೂ ಇಲ್ಲ. ಒಂದು ಸಣ್ಣ ಮೋಟಾರು ಹಲ್ಲುಚಕ್ರಗಳ ಮೂಲಕ ಕೊಂತವನ್ನು ಹಿಂದಕ್ಕೆ ಎಳೆದು ಬಿಡುತ್ತದೆ. ಚಕ್ರದ ಅರ್ಧ ಸುತ್ತಿಗೆ ಮಾತ್ರ ಹಲ್ಲುಗಳಿರುವುದರಿಂದ ಹಲ್ಲು ಮುಗಿದ ಕ್ಷಣಕ್ಕೆ ಕೊಂತ ತಾನಾಗಿ ಕಳಚಿಕೊಂಡು ಮುನ್ನುಗ್ಗುತ್ತದೆ. ಈ ಬಗೆಯ ವಿದ್ಯುತ್ ಆಟಿಕೆಯನ್ನು ಟೋಕಿಯೊ ಮಾರುಯಿ ಎಂಬ ಜಪಾನೀ ಸಂಸ್ಥೆಯು ೧೯೯೧ರಲ್ಲಿ ಹೊರತಂದಿತು. ಇದಕ್ಕೆ ಏರ್‌ಸಾಫ್ಟ್ ಎಂದು ಹೆಸರು. ಇದರ ಗುಂಡು ೬ ಮಿಲಿಮೀಟರು ವ್ಯಾಸದ ಪ್ಲಾಸ್ಟಿಕ್ ಗೋಲಿ. ತೂಕ ಸಾಮಾನ್ಯವಾಗಿ ೦.೨೦ ಗ್ರಾಂ.

ಈಗ ಕೊಂತದ ಸ್ಥಿತಿಯನ್ನು ಸ್ವಲ್ಪ ವಿಚಾರಿಸೋಣ. ಅದರ ಹಿಂದೆ ಉಕ್ಕಿನ ಸ್ಪ್ರಿಂಗು ಇದೆ. ಮುಂದೆ ಏನಿದೆ? ಬರಿಯ ಗಾಳಿ ಎನ್ನಬಹುದು. ಆದರೆ ರಾಬರ್ಟ್ ಬಾಯ್ಲನು ೧೬೬೦ರಲ್ಲಿ ಪ್ರಕಟಿಸಿದ ತನ್ನ ಪ್ರಯೋಗಗಳ ಗ್ರಂಥದಲ್ಲಿ ಗಾಳಿಗೂ ಸ್ಪ್ರಿಂಗಿನ ಗುಣವುಂಟೆಂದು ಸಾರಿದ್ದನು. ಅದುಮಿದಷ್ಟೂ ಅದು ಎದುರೊತ್ತುತ್ತದೆ. ಹಾಗಾದರೆ ನಮ್ಮ ಕೊಂತ ಎರಡು ಸ್ಪ್ರಿಂಗುಗಳ ನಡುವೆ ಸಿಕ್ಕಿದೆ. ಹಿಂದಿನ ಸ್ಪ್ರಿಂಗು ಶಕ್ತಿಯನ್ನು ಕೊಂತಕ್ಕೆ ಕೊಡುತ್ತದೆ. ಮುಂದಿನ ಸ್ಪ್ರಿಂಗು ಅದನ್ನು ಕೊಂತದಿಂದ ತೆಗೆದುಕೊಂಡು ಗುಂಡಿಗೆ ದಾಟಿಸುತ್ತದೆ. ಈ ದಾಟಿಸುವಿಕೆ ಪೂರ್ಣವಾದಷ್ಟೂ ಗುಂಡಿನ ವೇಗ ಹೆಚ್ಚು, ಕೊಂತದಲ್ಲಿ ಉಳಿಯುವ ಶಕ್ತಿ ಕಡಿಮೆ. ದಾಟದೆ ಕೊಂತದಲ್ಲಿಯೇ ಉಳಿದುಕೊಂಡ ಶಕ್ತಿ ಎಲ್ಲಿಗೆ ಹೋಗಬೇಕು? ಉರುಳೆಯ ಮುಂದಿನ ಗೋಡೆಗೆ ಬಡಿದು ಸದ್ದಾಗಬೇಕು, ಕಂಪನವಾಗಬೇಕು, ಕೊನೆಗೆ ಬಿರುಕಾಗಬೇಕು. ಎದುರು ಮನೆಯ ಹಿರಿಯರನ್ನು ಕಾಡಿದ ಸದ್ದು ಗುಂಡಿಗೆ ಸೇರದೆ ಪೋಲಾದ ಶಕ್ತಿಯ ಸದ್ದು.

ಲೆಕ್ಕವೊಂದನ್ನು ಮಾಡಿ ನೋಡಬಹುದು. ೦.೨೦ ಗ್ರಾಂ ತೂಕದ ಗುಂಡು ಸೆಕೆಂಡಿಗೆ ೧೦೦ ಮೀಟರು ವೇಗದಿಂದ ಹೊರಟರೆ ಅದರ ಚಲನಶಕ್ತಿ ಸರಿಯಾಗಿ ೧ ಜೂಲ್. ಅದುಮಿದ ಸ್ಪ್ರಿಂಗಿನಲ್ಲಿ ೩ ಜೂಲ್ ಇತ್ತೆಂದು ಇಟ್ಟುಕೊಳ್ಳೋಣ. ಉಳಿದ ೨ ಜೂಲಿನಲ್ಲಿ ಬಹುಭಾಗ ಸೋರಿಕೆ, ತಿಕ್ಕಾಟ, ಗಾಳಿಯ ಸುಳಿ ಮತ್ತು ಶಾಖಗಳಲ್ಲಿ ಕಳೆದುಹೋಗಿ, ಕೇವಲ ಅರ್ಧ ಜೂಲ್ ಮಾತ್ರ ಕೊಂತದಲ್ಲಿ ಉಳಿಯಿತೆನ್ನೋಣ. ಕೊಂತದ ತೂಕ ೨೫ ಗ್ರಾಂ ಆಗಿದ್ದರೆ ಅದು ಗೋಡೆಗೆ ಬಡಿಯುವ ವೇಗ ಸೆಕೆಂಡಿಗೆ ಸುಮಾರು ೬.೩ ಮೀಟರು. ಅಷ್ಟೇ ತೂಕದ ತುಂಡೊಂದು ಎರಡು ಮೀಟರು ಎತ್ತರದಿಂದ ಅಡಿಗಲ್ಲಿನ ಮೇಲೆ ಬಿದ್ದಂತೆ ಇದು. ಒಂದು ಸಲ ಬಿದ್ದರೆ ಚಿಂತೆಯಿಲ್ಲ. ಈ ಆಟಿಕೆಗಳು ಕುದುರೆಯನ್ನು ಒತ್ತಿಹಿಡಿದರೆ ಒಂದೇ ಸೆಕೆಂಡಿನಲ್ಲಿ ಹತ್ತಕ್ಕೂ ಹೆಚ್ಚು ಸಲ ಹಾರಿಸುತ್ತವೆ.

ಹೀಗಿರುವಲ್ಲಿ ಗಡುಸಾದ ಸ್ಪ್ರಿಂಗನ್ನು ಹಾಕಿದ್ದರಿಂದ ಏನಾಯಿತು? ಶಕ್ತಿಯ ಜಮೆ ಹೆಚ್ಚಿತು, ದಾಟಿಸುವ ದಾರಿ ಹಾಗೆಯೇ ಉಳಿಯಿತು. ಹೆಚ್ಚಾದ ಶಕ್ತಿಯ ಬಹುಪಾಲು ಗೋಡೆಗೇ ಸಂದಿತು. ಬಲ ಬೇಕಾದವರು ಮೊದಲು ನೋಡಬೇಕಾದುದು ಸೋರಿಕೆಯನ್ನು.

ಕೊಂತದ ತಲೆಯ ಸುತ್ತ ಒಂದು ರಬ್ಬರಿನ ಉಂಗುರವಿರುತ್ತದೆ. ಇದೇ ನಮ್ಮ ಪೆಟ್ಲಿನ ಹಸಿಕಾಯಿ. ಉಂಗುರ ಸಡಿಲವಾದರೆ ಗಾಳಿ ಹಿಂದಕ್ಕೆ ಸೋರುತ್ತದೆ. ಬಿಗಿಯಾದರೆ ತಿಕ್ಕಾಟದಲ್ಲಿ ಕೊಂತವೇ ನಿಧಾನವಾಗುತ್ತದೆ. ಈ ಇಕ್ಕಟ್ಟಿಗೆ ಒಂದು ಸೊಗಸಾದ ಪರಿಹಾರವುಂಟು. ಕೊಂತದ ತಲೆಯಲ್ಲಿ ಉಂಗುರದ ಒಳಬದಿಗೆ ತೆರೆದುಕೊಳ್ಳುವಂತೆ ಕೆಲವು ಸಣ್ಣ ರಂಧ್ರಗಳನ್ನು ಕೊರೆದಿರುತ್ತಾರೆ. ಉಂಗುರವನ್ನು ಸ್ವಲ್ಪ ಸಡಿಲವಾಗಿಯೇ ಇಡುತ್ತಾರೆ. ಕೊಂತವನ್ನು ಹಿಂದಕ್ಕೆ ಎಳೆಯುವಾಗ ಉಂಗುರ ಸಡಿಲವಾಗಿರುವುದರಿಂದ ತಿಕ್ಕಾಟವಿಲ್ಲ. ಮುನ್ನುಗ್ಗುವಾಗ ಅದುಮಿದ ಗಾಳಿಯೇ ರಂಧ್ರಗಳಿಂದ ಹೊಕ್ಕು ಉಂಗುರವನ್ನು ಹಿಗ್ಗಿಸಿ ಉರುಳೆಯ ಗೋಡೆಗೆ ಒತ್ತುತ್ತದೆ. ಒತ್ತಡ ಹೆಚ್ಚಿದಷ್ಟೂ ಹಿಡಿತ ಹೆಚ್ಚು. ಸೈಕಲ್ ಪಂಪಿನ ಬಟ್ಟಲಿನಾಕಾರದ ತೊಗಲಿನ ವಾಷರಿನಲ್ಲಿ ಇದೇ ಉಪಾಯವನ್ನು ನಮ್ಮ ಅಜ್ಜಂದಿರೂ ಕಂಡಿದ್ದರು.

ಸೋರಿಕೆಯನ್ನು ಪರೀಕ್ಷಿಸಲು ಯಾವ ಉಪಕರಣವೂ ಬೇಕಿಲ್ಲ. ಬಿಚ್ಚಿದ ಉರುಳೆಯಲ್ಲಿ ಕೊಂತವನ್ನು ಅರ್ಧಕ್ಕೆ ಇಟ್ಟು, ಮುಂದಿನ ಮೂತಿಯನ್ನು ಹೆಬ್ಬೆರಳಿನಿಂದ ಮುಚ್ಚಿ, ಕೊಂತವನ್ನು ಒತ್ತಬೇಕು. ಅದು ಮೆತ್ತನೆಯ ದಿಂಬಿನಂತೆ ಎದುರೊತ್ತಿ, ಕೈ ಬಿಟ್ಟಾಗ ಹಿಂದಕ್ಕೆ ಪುಟಿದರೆ ಉಂಗುರ ಚೆನ್ನಾಗಿದೆ. ಮೆಲ್ಲನೆ ಒಳಕ್ಕೆ ಸರಿದುಹೋದರೆ ಸೋರುತ್ತಿದೆ. ನಮ್ಮ ಹುಡುಗನ ಕೊಂತದ ಚೂರುಗಳಲ್ಲಿ ದೊರೆತ ಉಂಗುರವನ್ನು ಹೊಸ ಕೊಂತಕ್ಕೆ ತೊಡಿಸಿ ನೋಡಿದೆವು. ಯಾವ ಎದುರೊತ್ತೂ ಇಲ್ಲದೆ ಕೊಂತ ಕೊನೆಯವರೆಗೆ ಹೋಯಿತು. ಪಾಪ, ಬಲವಿಲ್ಲದ್ದು ಸ್ಪ್ರಿಂಗಿಗಲ್ಲ, ಎರಡು ರೂಪಾಯಿಯ ಉಂಗುರಕ್ಕೆ!

ಉಂಗುರಕ್ಕೆ ಎಣ್ಣೆ ಹಾಕುವಲ್ಲಿಯೂ ಒಂದು ಎಚ್ಚರಿಕೆ ಬೇಕು. ಗಾಳಿಯನ್ನು ಥಟ್ಟನೆ ಅದುಮಿದರೆ ಅದು ಕಾಯುತ್ತದೆ. ೨೭ ಡಿಗ್ರಿ ಉಷ್ಣತೆಯ ಗಾಳಿಯನ್ನು ಐದನೆಯ ಒಂದು ಗಾತ್ರಕ್ಕೆ, ಶಾಖ ಹೊರಹೋಗಲು ಅವಕಾಶವಿಲ್ಲದಂತೆ ಅದುಮಿದರೆ, ಉಷ್ಣತೆ ಲೆಕ್ಕದ ಪ್ರಕಾರ ಸುಮಾರು ೨೯೮ ಡಿಗ್ರಿಗೆ ಏರಬೇಕು. ಲೋಹದ ಗೋಡೆಗಳಿಗೆ ಶಾಖ ಸೋರುವುದರಿಂದ ನಿಜದಲ್ಲಿ ಅಷ್ಟಾಗದು. ಆದರೂ ಆಗ್ನೇಯ ಏಷ್ಯದ ಜನರು ಇದೇ ತತ್ತ್ವದಿಂದ, ಕೊಳವೆ ಮತ್ತು ಕೊಂತಗಳ ಸಹಾಯದಿಂದ, ಒಣ ಅರಳೆಯಂಥ ವಸ್ತುವಿಗೆ ಬೆಂಕಿ ಹೊತ್ತಿಸುತ್ತಿದ್ದರೆಂಬುದನ್ನು ಮರೆಯಲಾಗದು. ಬಲವಾದ ಗಾಳಿಬಂದೂಕುಗಳಲ್ಲಿ ಎಣ್ಣೆಯ ಹನಿ ಹೀಗೆ ಹೊತ್ತಿಕೊಳ್ಳುತ್ತದೆ. ಇಂಗ್ಲೆಂಡಿನ ಕಾರ್ಡ್ಯೂ ಎಂಬ ತಂದೆ ಮಗ ಗಾಳಿಬಂದೂಕನ್ನು ನೈಟ್ರೊಜನ್ ಅನಿಲದಲ್ಲಿ ಹಾರಿಸಿ ನೋಡಿ, ಆಮ್ಲಜನಕವಿಲ್ಲದಿದ್ದಾಗ ಗುಂಡಿನ ವೇಗ ಇಳಿಯುವುದೆಂದು ತೋರಿಸಿದರು. ಅಂದರೆ ಆ ವೇಗದಲ್ಲಿ ಒಂದು ಪಾಲು ಎಣ್ಣೆಯ ದಹನದ್ದಾಗಿತ್ತು. ಹೊಲಿಗೆಯಂತ್ರದ ಎಣ್ಣೆಯಾಗಲಿ ಕೊಬ್ಬರಿ ಎಣ್ಣೆಯಾಗಲಿ ಈ ಉಂಗುರಕ್ಕೆ ಸಲ್ಲವು. ರಬ್ಬರನ್ನೂ ಅವು ಕೆಡಿಸಬಹುದು. ಸಿಲಿಕೋನ್ ಜಿಡ್ಡನ್ನು ಬೆರಳ ತುದಿಯಷ್ಟು ಸವರಿದರೆ ಸಾಕು.

ಇನ್ನು ಕೊನೆಯ ಪೆಟ್ಟಿನ ವಿಚಾರ. ಸೋರಿಕೆಯನ್ನು ಎಷ್ಟು ತಡೆದರೂ ಕೊಂತದಲ್ಲಿ ಸ್ವಲ್ಪ ಶಕ್ತಿ ಉಳಿದೇ ಉಳಿಯುತ್ತದೆ. ಅದನ್ನು ಇಲ್ಲವಾಗಿಸಲು ಬಾರದು. ಎಷ್ಟು ದೂರದಲ್ಲಿ ಅದನ್ನು ನಿಲ್ಲಿಸುತ್ತೇವೆಂಬುದು ಮಾತ್ರ ನಮ್ಮ ಕೈಯಲ್ಲಿದೆ. ಮೇಲಿನ ಅರ್ಧ ಜೂಲನ್ನೇ ತೆಗೆದುಕೊಳ್ಳೋಣ. ಗಡುಸು ಗೋಡೆಗೆ ಬಡಿದ ಕೊಂತ ಒಂದು ಮಿಲಿಮೀಟರಿನ ಹತ್ತನೆಯ ಒಂದಂಶದಲ್ಲಿ ನಿಂತರೆ, ಸರಾಸರಿ ಬಲ ೫೦೦೦ ನ್ಯೂಟನ್, ಎಂದರೆ ಸುಮಾರು ಅರ್ಧ ಟನ್ನಿನ ಭಾರ! ನಡುವೆ ಮೆತ್ತನೆಯ ರಬ್ಬರಿನ ಬಿಲ್ಲೆಯಿದ್ದು ಅದು ೨ ಮಿಲಿಮೀಟರು ಕುಗ್ಗಿದರೆ, ಬಲ ೨೫೦ ನ್ಯೂಟನ್ ಮಾತ್ರ. ಇಪ್ಪತ್ತರಲ್ಲಿ ಒಂದು ಪಾಲು. ಸದ್ದಿನ ಸ್ವರೂಪವೂ ಬದಲಾಗುತ್ತದೆ. ಪೆಟ್ಟು ಕ್ಷಣಿಕವಾದಷ್ಟೂ ಅದರಲ್ಲಿ ಎತ್ತರದ ಸ್ವರಗಳು ಹೆಚ್ಚು. ನಮ್ಮ ಕಿವಿ ಸೆಕೆಂಡಿಗೆ ಎರಡರಿಂದ ಐದು ಸಾವಿರ ಕಂಪನಗಳ ಸದ್ದಿಗೆ ಅತ್ಯಂತ ಸೂಕ್ಷ್ಮವಾಗಿರುತ್ತದೆ. ಪೆಟ್ಟನ್ನು ಹಿಗ್ಗಿಸಿದಾಗ 'ಟಕ್' ಎಂಬುದು 'ದಬ್' ಎಂದಾಗುತ್ತದೆ. ಓಣಿಯ ಆಚೆಗೆ ಮೊದಲಿನಷ್ಟು ಚುಚ್ಚುವುದಿಲ್ಲ.

ಬಿಲ್ಲೆಯನ್ನು ಅಂಟಿಸುವಾಗ ಒಂದು ತೊಡಕುಂಟು. ನಾವೂ ಅದರಲ್ಲಿ ಸಿಕ್ಕಿದೆವು. ಬಿಲ್ಲೆಯ ದಪ್ಪದಷ್ಟು ಕೊಂತ ಹಿಂದಕ್ಕೆ ನಿಲ್ಲುತ್ತದೆ. ಆಗ ಚಕ್ರದ ಮೊದಲ ಹಲ್ಲು ಕೊಂತದ ಮೊದಲ ಹಲ್ಲನ್ನು ಹಿಡಿಯುವ ಕೋನ ಬೇರೆಯಾಗುತ್ತದೆ. ಸರಿಯಾದ ದಪ್ಪವಿದ್ದರೆ ಇದು ಲಾಭವೇ, ಏಕೆಂದರೆ ಅನೇಕ ಆಟಿಕೆಗಳಲ್ಲಿ ಚಕ್ರದ ಹಲ್ಲು ಕೊಂತದ ಹಲ್ಲಿನ ತುದಿಯನ್ನು ಮಾತ್ರ ಓರೆಯಾಗಿ ತಾಗುತ್ತಿದ್ದು, ಬಿಲ್ಲೆಯಿಂದ ಅದು ಪೂರ್ಣ ಮುಖಕ್ಕೆ ಮುಖ ಕೊಟ್ಟು ನಿಲ್ಲುತ್ತದೆ. ಆದರೆ ಕೊಂತದ ಎರಡನೆಯ ಹಲ್ಲು ಅಡ್ಡಬರುವುದುಂಟು. ಬಲ್ಲವರು ಅದನ್ನು ಅರದಿಂದ ಉಜ್ಜಿ ತೆಗೆಯುತ್ತಾರೆ. ನಾವು ಅಂಟಿಸಿದ ಮೊದಲ ಬಿಲ್ಲೆ ದಪ್ಪವಾಗಿ ಚಕ್ರವೇ ಸಿಕ್ಕಿಹಾಕಿಕೊಂಡಿತು. ಅದನ್ನು ಕಿತ್ತು ತೆಳುವಾದುದನ್ನು ಹಾಕಬೇಕಾಯಿತು.

ರಬ್ಬರಿಗಿಂತ ಸೊಗಸಾದ ಇನ್ನೊಂದು ಉಪಾಯವಿದೆ. ಅದರ ಮಾದರಿ ನಮ್ಮ ಊರಿನಲ್ಲಿಯೇ ಇದೆ. ಬೆಳಗಾವಿ ಎರಕದ ಕೆಲಸಕ್ಕೂ ತೈಲದೊತ್ತಡದ ಯಂತ್ರಭಾಗಗಳಿಗೂ ಹೆಸರಾದ ನಗರ. ಉದ್ಯಮಬಾಗದ ಕಡೆ ಹೋದವರು ಇದನ್ನು ಬಲ್ಲರು. ಎಣ್ಣೆಯ ಒತ್ತಡದಿಂದ ನಡೆಯುವ ದೊಡ್ಡ ಉರುಳೆಗಳಲ್ಲಿ ಭಾರವಾದ ಕೊಂತ ಕೊನೆಯ ಗೋಡೆಗೆ ಬಡಿದರೆ ಯಂತ್ರವೇ ಹಾಳಾದೀತು. ಅದಕ್ಕಾಗಿ ಕೊಂತದ ಮುಂದೆ ಒಂದು ಮೊಳೆಯಂಥ ಮೂಗನ್ನು ಇಟ್ಟಿರುತ್ತಾರೆ. ಕೊಂತ ಕೊನೆಯನ್ನು ಸಮೀಪಿಸಿದಾಗ ಈ ಮೂಗು ಎಣ್ಣೆ ಹೊರಹೋಗುವ ರಂಧ್ರವನ್ನು ಹೊಕ್ಕು ಬಹುಮಟ್ಟಿಗೆ ಮುಚ್ಚುತ್ತದೆ. ಉಳಿದ ಎಣ್ಣೆ ಸಂದಿನಿಂದ ಮೆಲ್ಲಮೆಲ್ಲನೆ ಮಾತ್ರ ಹೊರಹೋಗಬಲ್ಲದು. ಕೊಂತ ತಾನಾಗಿ ನಿಧಾನವಾಗುತ್ತದೆ. ಒಂದೊಂದೇ ಗುಂಡನ್ನು ಕೈಯೆಳೆತದಿಂದ ಹಾರಿಸುವ ಏರ್‌ಸಾಫ್ಟ್ ಬಂದೂಕುಗಳಲ್ಲಿ ಇದೇ ಮೂಗನ್ನು ಗಾಳಿಗಾಗಿ ಬಳಸುತ್ತಾರೆ. ಕೊನೆಯ ಕೆಲವು ಮಿಲಿಮೀಟರುಗಳಲ್ಲಿ ಮೂಗು ಮೂತಿಯನ್ನು ಮುಚ್ಚಿದಾಗ, ಸಿಕ್ಕಿಬಿದ್ದ ಗಾಳಿಯೇ ದಿಂಬಾಗುತ್ತದೆ. ಅದು ಸವೆಯುವುದಿಲ್ಲ, ಅಂಟು ಬಿಡುವುದಿಲ್ಲ.

ಹಾಗೆಂದು ಮೂಗು ಪುಕ್ಕಟೆಯ ಲಾಭವಲ್ಲ. ಸಿಕ್ಕಿಬಿದ್ದ ಗಾಳಿ ಗುಂಡನ್ನು ನೂಕಲಾರದು. ಮೂಗು ಉದ್ದವಾಗಿದ್ದು ಗುಂಡಿನ್ನೂ ನಳಿಗೆಯಲ್ಲಿರುವಾಗಲೇ ದಾರಿ ಮುಚ್ಚಿದರೆ ವೇಗ ಇಳಿಯುತ್ತದೆ. ಗುಂಡು ಹೊರಬೀಳುವ ಹೊತ್ತಿಗೆ ದಾರಿ ಮುಚ್ಚಬೇಕು. ಅದಕ್ಕೆ ಉರುಳೆಯ ಗಾತ್ರವೂ ನಳಿಗೆಯ ಗಾತ್ರವೂ ಹೊಂದಿಕೆಯಾಗಿರಬೇಕು. ೨೪ ಮಿಲಿಮೀಟರು ಒಳವ್ಯಾಸದ ಉರುಳೆಯಲ್ಲಿ ಕೊಂತ ೫೨ ಮಿಲಿಮೀಟರು ಚಲಿಸಿದರೆ ಸುಮಾರು ೨೩.೫ ಘನ ಸೆಂಟಿಮೀಟರು ಗಾಳಿ. ೩೬೩ ಮಿಲಿಮೀಟರು ಉದ್ದ, ೬.೦೮ ಮಿಲಿಮೀಟರು ಒಳವ್ಯಾಸದ ನಳಿಗೆಯ ಗಾತ್ರ ಸುಮಾರು ೧೦.೫ ಘನ ಸೆಂಟಿಮೀಟರು. ಎರಡರಷ್ಟಕ್ಕಿಂತ ಸ್ವಲ್ಪ ಹೆಚ್ಚು. ಇದು ಒಳ್ಳೆಯ ಹೊಂದಿಕೆ. ಇದೇ ಉರುಳೆಗೆ ಗಿಡ್ಡ ನಳಿಗೆಯನ್ನು ಜೋಡಿಸಿದರೆ ಮಿಕ್ಕ ಗಾಳಿಯೆಲ್ಲ ಗುಂಡಿನ ಬೆನ್ನಿಗೇ ಹೊರನುಗ್ಗಿ ಪೆಟ್ಲಿನಂತೆ 'ಪಟ್' ಎನ್ನುತ್ತದೆ. ಆ ಸದ್ದೂ ಪೋಲಾದ ಶಕ್ತಿಯದೇ.

ಕೊಂತವನ್ನು ಹಗುರ ಮಾಡಲೆಂದು ಅದರ ಮೈತುಂಬ ತೂತು ಕೊರೆಯುವವರೂ ಇದ್ದಾರೆ. ಅದು ಬೇಗ ಚಲಿಸುವುದು ನಿಜ. ಬೇಗ ಮುರಿಯುವುದೂ ನಿಜ. ಹೊಸಬರು ಕೊಂತದ ತೂಕದ ಗೊಡವೆಗೆ ಹೋಗದಿರುವುದೇ ಲೇಸೆಂದು ನನ್ನ ಅಭಿಪ್ರಾಯ. ಅದಕ್ಕಿಂತ ಸುಲಭವಾದುದು ಗುಂಡಿನ ತೂಕವನ್ನು ಹೆಚ್ಚಿಸುವುದು. ೦.೨೫ ಗ್ರಾಮಿನ ಗುಂಡು ನಳಿಗೆಯಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ, ಅಷ್ಟು ಹೊತ್ತು ಮುಂದಿನ ಗಾಳಿ ಕೊಂತವನ್ನು ಎದುರೊತ್ತಿ ಹಿಡಿಯುತ್ತದೆ, ಪೆಟ್ಟು ತಗ್ಗುತ್ತದೆ. ಗುಂಡೇ ಇಲ್ಲದೆ ಕುದುರೆ ಎಳೆಯುವುದು ಮಾತ್ರ ಎಲ್ಲಕ್ಕಿಂತ ಕೆಟ್ಟದ್ದು. ಪೆಟ್ಲಿನ ಹಿಡಿ ಅಂಗೈಗೆ ಬಡಿದುದು ನೆನಪಿದೆಯಷ್ಟೆ? ಹುಡುಗನು ಗೆಳೆಯರಿಗೆ ಸದ್ದು ಕೇಳಿಸಲೆಂದು ದಿನವೂ ಬರಿಯ ಬಂದೂಕನ್ನು ಹಾರಿಸುತ್ತಿದ್ದನೆಂದು ಆಮೇಲೆ ಒಪ್ಪಿಕೊಂಡನು. ಕೊಂತ ಒಡೆಯಲು ಬೇರೆ ಕಾರಣ ಬೇಕೆ?

ಬಲವನ್ನು ಅಳೆಯುವ ಒಂದು ಪ್ರಯೋಗವನ್ನು ಹೇಳುತ್ತೇನೆ. ಕಾಲೇಜಿನ ಪ್ರಯೋಗಶಾಲೆಯಲ್ಲಿ ಉಪನ್ಯಾಸಕರ ಸಮ್ಮುಖದಲ್ಲಿ ಮಾಡಬಹುದಾದುದು. ಬೆಂಕಿಪೊಟ್ಟಣದೊಳಗೆ ಮೆತ್ತನೆಯ ಜೇಡಿಮಣ್ಣನ್ನು ತುಂಬಿ ಒಟ್ಟು ತೂಕ ೨೦ ಗ್ರಾಂ ಆಗುವಂತೆ ಮಾಡಿ, ಒಂದು ಮೀಟರು ಉದ್ದದ ದಾರಗಳಿಂದ ತೂಗಹಾಕಬೇಕು. ಹತ್ತಿರದಿಂದ ಹಾರಿಸಿದ ಗುಂಡು ಮಣ್ಣಿನಲ್ಲಿ ಹೂತುಕೊಂಡಾಗ ಪೊಟ್ಟಣ ತೂಗಾಡುತ್ತದೆ. ಸಂವೇಗ ಉಳಿಯುವ ನಿಯಮದಂತೆ ಲೆಕ್ಕ ಹಾಕಿದರೆ, ೦.೨೦ ಗ್ರಾಮಿನ ಗುಂಡಿನ ವೇಗ ಸೆಕೆಂಡಿಗೆ ೯೦ ಮೀಟರು ಇದ್ದಲ್ಲಿ ಪೊಟ್ಟಣ ಸುಮಾರು ೨೮ ಸೆಂಟಿಮೀಟರು ಸರಿಯಬೇಕು. ಎಲ್ಲರೂ ರಕ್ಷಣೆಯ ಕನ್ನಡಕ ಧರಿಸಿರಬೇಕು. ಬಂದೂಕನ್ನು ಬಿಚ್ಚುವಾಗಲೂ ಅಷ್ಟೆ. ಮೊದಲು ಗುಂಡುಗಳನ್ನೂ ಬ್ಯಾಟರಿಯನ್ನೂ ತೆಗೆಯಬೇಕು, ಅದುಮಿದ ಸ್ಪ್ರಿಂಗು ಮುಖಕ್ಕೆ ಚಿಮ್ಮದಂತೆ ಹಿಡಿದುಕೊಳ್ಳಬೇಕು. ಬಾಲ್ಯದಲ್ಲಿ ನಾನು ಹಾರಿಸಿದ ಪೆಟ್ಲಿನ ಕಾಯೊಂದು ನನ್ನ ತಮ್ಮನ ಕಣ್ಣಿನ ಕೆಳಗೆ ತಗುಲಿ ಒಂದು ವಾರ ಊದಿಕೊಂಡಿತ್ತು. ಅರ್ಧ ಅಂಗುಲ ಮೇಲಕ್ಕೆ ತಗುಲಿದ್ದರೆ ಏನಾಗುತ್ತಿತ್ತೆಂದು ಇಂದಿಗೂ ಯೋಚಿಸುತ್ತೇನೆ.

ಈ ಕಾರಣದಿಂದಲೇ ಆಟಿಕೆಯ ಬಲಕ್ಕೆ ದೇಶಗಳು ಮಿತಿ ಹಾಕಿವೆ. ಜಪಾನಿನಲ್ಲಿ ೨೦೦೬ರ ತಿದ್ದುಪಡಿಯಿಂದ ೬ ಮಿಲಿಮೀಟರು ಗುಂಡಿಗೆ ಸುಮಾರು ೦.೯೮ ಜೂಲ್ ಮೇರೆ. ಬ್ರಿಟನ್ನಿನಲ್ಲಿ ೨೦೧೭ರ ಶಾಸನದಂತೆ ಒಂದೊಂದೇ ಹಾರಿಸುವುದಕ್ಕೆ ೨.೫, ಸತತವಾಗಿ ಹಾರಿಸುವುದಕ್ಕೆ ೧.೩ ಜೂಲ್. ನಮ್ಮಲ್ಲಿ ೨೦೧೬ರ ಆಯುಧ ನಿಯಮಗಳು ಗಾಳಿಬಂದೂಕಿಗೆ ೨೦ ಜೂಲ್ ಮತ್ತು ೪.೫ ಮಿಲಿಮೀಟರು ನಳಿಗೆಯ ಗೆರೆಯನ್ನು ಎಳೆದಿವೆ. ಜಾತ್ರೆಯ ಬಂದೂಕು ಆ ನಳಿಗೆಯದು. ಆಟಿಕೆಯ ನಳಿಗೆ ಅದಕ್ಕಿಂತ ಅಗಲವಾದುದರಿಂದ, ಕೊಳ್ಳುವ ಮೊದಲು ಅಂಗಡಿಯವನ ಮಾತನ್ನಷ್ಟೇ ನಂಬದೆ ಪೊಲೀಸ್ ಠಾಣೆಯಲ್ಲಿ ವಿಚಾರಿಸುವುದು ಉಚಿತ. ನಮ್ಮ ಹುಡುಗನ ತಂದೆಯನ್ನೂ ಆ ಕೆಲಸಕ್ಕೆ ಕಳುಹಿಸಿದೆ.

ಹೊಸ ಕೊಂತ, ಹೊಸ ಉಂಗುರ, ತೆಳುವಾದ ಬಿಲ್ಲೆ, ಮತ್ತು ಪೆಟ್ಟಿಗೆಯ ತಳದಲ್ಲಿ ಬಿದ್ದಿದ್ದ ಮೂಲ ಸ್ಪ್ರಿಂಗು. ಇಷ್ಟನ್ನು ಜೋಡಿಸಿ ಬೆಂಕಿಪೊಟ್ಟಣಕ್ಕೆ ಹಾರಿಸಿದಾಗ ತೂಗಾಟ ಗಡುಸು ಸ್ಪ್ರಿಂಗಿನ ಕಾಲಕ್ಕಿಂತ ಕಡಿಮೆಯೇನೂ ಆಗಲಿಲ್ಲ. ಮರುದಿನ ಸಂಜೆ ಎದುರು ಮನೆಯ ಹಿರಿಯರು ಗೇಟಿನ ಬಳಿ ನಿಂತು, ಹುಡುಗ ಊರಿಗೆ ಹೋಗಿದ್ದಾನೆಯೆ ಎಂದು ನನ್ನನ್ನು ಕೇಳಿದರು. ಆತನು ಆಗ ಮಾಳಿಗೆಯ ಮೇಲೆಯೇ ಇದ್ದನು. ಈಗ ಉಳಿದಿರುವುದು ಹಲ್ಲುಚಕ್ರಗಳ ಗುರ್ ಎಂಬ ಸದ್ದೊಂದೇ. ಅದು ಕೊಂತದ ದೋಷವಲ್ಲ, ಚಕ್ರಗಳ ನಡುವಣ ಸಂದಿನದು. ರಜೆಯಲ್ಲಿ ಅದನ್ನೂ ಬಿಚ್ಚೋಣವೆಂದು ಹುಡುಗನು ಈಗಾಗಲೇ ಹೇಳಿಹೋಗಿದ್ದಾನೆ.